ಹಬ್‌ಗೆ ಕೂತ ಚಕ್ರ, ಗಾಡಿಗೆ ಕೂರದ ಚಕ್ರ: ಒಂದು ಸೆಡಾನ್, ಮೂರು ಸೆಟ್ ಅಲಾಯ್

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ನಮ್ಮದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ. ಇದು ಅಲ್ಲೇ ನಡೆದದ್ದು. ಗಾಡಿಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ನಂಬರ್ ಬೇಡ ಅಂದರು. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಗಾಡಿಯ ಅಳತೆಗಳನ್ನು ಮಾತ್ರ ಮುಟ್ಟಿಲ್ಲ, ಕಥೆ ಇರೋದೇ ಅಲ್ಲಿ. ಇದರಲ್ಲಿ ಆದ ತಪ್ಪುಗಳಲ್ಲಿ ಒಂದು ನನ್ನದು. ಅದನ್ನೂ ಬಿಟ್ಟಿಲ್ಲ.

ಹಿನ್ನೆಲೆ

ಅವರು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. ನಾವು ಕರೆಯೋದು ಸಾಹುಕಾರ್ರು ಅಂತ, ಇಲ್ಲೂ ಹಾಗೇ ಇರಲಿ. ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 5 ಸೀರೀಸ್ ಡೀಸೆಲ್ ತಂದಿದ್ದರು. 2018ರ ಮಾಡೆಲ್, ಅಂದರೆ ಕಂಪನಿಯವರು ಜಿ30 ಎಂದು ಕರೆಯುವ ತಲೆಮಾರು. ಗಾಡಿ ಚೊಕ್ಕವಾಗಿತ್ತು. ನಾಲ್ಕೂ ಕಡೆ 18 ಇಂಚಿನ ಕಂಪನಿ ಚಕ್ರ, 245/45 ಆರ್18 ರನ್‌ಫ್ಲಾಟ್ ಟೈರು, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ರಿಮ್ಮಿನ ಹಿಂದೆ 8ಜೆ, ಇಟಿ 30 ಅಂತ ಅಚ್ಚು. 8ಜೆ ಅಂದರೆ ರಿಮ್ಮಿನ ಅಗಲ 8 ಇಂಚು, ಇಟಿ ಏನು ಅಂತ ಮುಂದೆ ಹೇಳುತ್ತೇನೆ.

ಸಾಹುಕಾರ್ರಿಗೆ ಅಷ್ಟೇ ಸಾಕಾಗಿತ್ತು. ಸಾಲದೇ ಹೋದದ್ದು ಅವರ ತಮ್ಮನ ಮಗನಿಗೆ. ಹುಡುಗನ ಅಕ್ಕನ ಮದುವೆ ಚಿತ್ರದುರ್ಗದಲ್ಲಿ ಗೊತ್ತಾಗಿತ್ತು, ಎರಡು ತಿಂಗಳು ಟೈಮಿತ್ತು. ಮದುಮಗಳು ಅದೇ ಗಾಡಿಯಲ್ಲಿ ಹೋಗಬೇಕು. "ದೊಡ್ಡಪ್ಪಾ, ಇಂಥಾ ಗಾಡಿಗೆ ಇಷ್ಟು ಸಣ್ಣ ಚಕ್ರ ಇದ್ರೆ ಆನೆಗೆ ಚಪ್ಪಲಿ ಹಾಕ್ದಂಗೆ ಕಾಣ್ತದೆ" ಅಂತ ದಿನಾ ತಲೆ ತಿಂದ. ದೊಡ್ಡಪ್ಪ ಕೊನೆಗೆ ಹೂಂ ಅಂದರು. ಅಲ್ಲಿಂದ ಶುರು.

ಮೊದಲ ಸೆಟ್: "ಒರಿಜಿನಲ್ಲೇ ಅಣ್ಣ"

ಒಂದು ದಿನ ಹುಡುಗ ಪಿಕಪ್‌ನಲ್ಲಿ ನಾಲ್ಕು ಚಕ್ರ ತಂದು ಅಂಗಡಿ ಮುಂದೆ ಇಳಿಸಿದ. 19 ಇಂಚು, ಸೆಕೆಂಡ್ ಹ್ಯಾಂಡ್. ನಡುವೆ ಬಿಎಂಡಬ್ಲ್ಯೂ ಮುದ್ರೆ, ಹಿಂದೆ ಕಂಪನಿಯ ಪಾರ್ಟ್ ನಂಬರ್. "ಒರಿಜಿನಲ್ಲೇ ಅಣ್ಣ, 5 ಸೀರೀಸ್‌ದೇ. ಹಾಕಿಬಿಡಿ."

ಒರಿಜಿನಲ್ ಅನ್ನೋದು ನಿಜ. 5 ಸೀರೀಸ್‌ದು ಅನ್ನೋದೂ ನಿಜ. ಆದರೆ ಹಿಂದಿನ ತಲೆಮಾರಿನದು, ಎಫ್10. ಆ ಗಾಡಿಯಲ್ಲಿ ಐದು ಬೋಲ್ಟುಗಳು ಕೂರುವ ವೃತ್ತದ ಅಡ್ಡಗಲ 120 ಮಿ.ಮೀ. ನಾವು ಪಿಸಿಡಿ ಅನ್ನೋದು ಇದಕ್ಕೇ. ಜಿ30ರಲ್ಲಿ ಅದೇ ಕಂಪನಿಯವರು 112ಕ್ಕೆ ಇಳಿಸಿದ್ದಾರೆ. ನಡುವಿನ ತೂತು ಹಳೆಯದರಲ್ಲಿ 72.6, ಹೊಸದರಲ್ಲಿ 66.6.

ಇಲ್ಲಿ ಒಂದು ಮೋಸವಿದೆ. ಹಳೇ ಚಕ್ರದ ನಡುತೂತು ದೊಡ್ಡದಲ್ವಾ, ಅದಕ್ಕೇ ಅದು ಹೊಸ ಗಾಡಿಯ ಹಬ್ (ಚಕ್ರ ಬಿಗಿಯುವ ನಡುಭಾಗ) ಮೇಲೆ ಸಲೀಸಾಗಿ ಹೋಗುತ್ತದೆ. ನೋಡಿದವರಿಗೆ "ಕೂತಿತು" ಅನಿಸುತ್ತದೆ. ಹುಡುಗನ ಕೈಗೇ ಟಾರ್ಚ್ ಕೊಟ್ಟು ಬೋಲ್ಟಿನ ತೂತಿನೊಳಗೆ ನೋಡು ಅಂದೆ. ಪ್ರತಿ ತೂತಿನಲ್ಲೂ ಹಬ್‌ನ ಥ್ರೆಡ್ ಅರ್ಧಚಂದ್ರದ ಹಾಗೆ ಒಂದು ಬದಿಗೆ ಸರಿದು ಕಾಣುತ್ತಿತ್ತು. ಅಡ್ಡಗಲದಲ್ಲಿ 8 ಮಿ.ಮೀ. ವ್ಯತ್ಯಾಸ ಅಂದರೆ ಒಂದೊಂದು ಬೋಲ್ಟಿಗೆ 4 ಮಿ.ಮೀ. ಬೋಲ್ಟು ಬಿಗಿಯುವ ಗನ್ ಹಿಡಿದು ಬಲವಂತ ಮಾಡಿದರೆ ಒಂದೆರಡು ಬೋಲ್ಟು ಓರೆಯಾಗಿ ಹಿಡಿಯುತ್ತವೆ. ಆಮೇಲೆ ದೇವರೇ ಗತಿ.

ಮಾರಿದವನು ಫೋನಿನಲ್ಲಿ ಎರಡು ದಾರಿ ಹೇಳಿದ. ಒಂದು, ವಾಬಲ್ ಬೋಲ್ಟು. ತಲೆಯ ಹತ್ತಿರ ಸಡಿಲವಾದ ಬಳೆ ಇರುವ ಬೋಲ್ಟು ಅದು, ಎರಡು ಮೂರು ಮಿ.ಮೀ. ಪಿಸಿಡಿ ವ್ಯತ್ಯಾಸ ಸರಿದೂಗಿಸಲು ಮಾಡಿದ್ದು. 8ಕ್ಕೆ ಅಲ್ಲ. ಇನ್ನೊಂದು, 20 ಮಿ.ಮೀ. ದಪ್ಪದ ಅಡಾಪ್ಟರ್ ತಟ್ಟೆ. ಅದನ್ನು ಹಾಕಿದರೆ ಚಕ್ರವೂ ಅಷ್ಟೇ 20 ಮಿ.ಮೀ. ಮಡ್‌ಗಾರ್ಡಿನ ಕಡೆಗೆ ಹೊರಗೆ ಸರಿಯುತ್ತದೆ. ಎರಡೂ ಬೇಡ ಅಂದೆ. ಅದೃಷ್ಟಕ್ಕೆ ಮಾರಿದವನು ಸ್ವಲ್ಪ ಹಿಡಿದುಕೊಂಡು ದುಡ್ಡು ವಾಪಸ್ ಕೊಟ್ಟ.

ಎರಡನೇ ಸೆಟ್: 20 ಇಂಚು

ಈ ಸಲ ಹುಡುಗ ನನ್ನನ್ನು ಕೇಳಲಿಲ್ಲ. ಪಿಸಿಡಿ 112 ಅನ್ನೋದೊಂದು ಗೊತ್ತಾಗಿತ್ತಲ್ಲ, ಅದನ್ನೇ ಹಿಡಿದುಕೊಂಡು ಬೇರೆ ಊರಿನ ಅಂಗಡಿಯೊಂದರಲ್ಲಿ ಹೊಸ 20 ಇಂಚಿನ ಸೆಟ್ ತಗೊಂಡ. 245/35 ಆರ್20 ಟೈರು ಹಾಕಿಸಿ, ಅಲ್ಲೇ ಗಾಡಿಗೆ ಏರಿಸಿಕೊಂಡು ಬಂದ. ಟೈರೂ ಸೇರಿ ಎರಡು ಲಕ್ಷದ ಹತ್ತಿರ ಆಗಿತ್ತು. ಅಲ್ಲಿನವನು "ಎಲ್ಲಾ ಜರ್ಮನ್ ಗಾಡಿಗೂ ಇದೇ" ಅಂದಿದ್ದನಂತೆ.

ನಮ್ಮಲ್ಲಿಗೆ ಬಂದದ್ದು ನಡುಕ ಅಂತ. ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ, ಆನಗೋಡು ದಾಟಿ ಗಾಡಿ ಬಿಟ್ಟಾಗ, 90ರ ಮೇಲೆ ಸ್ಟೀರಿಂಗ್ ಜುಮ್ ಜುಮ್ ಅನ್ನುತ್ತಿತ್ತು. 110ರಲ್ಲಿ ಜಾಸ್ತಿ. ನಾಲ್ಕೂ ಚಕ್ರ ಬಿಚ್ಚಿ ಬ್ಯಾಲೆನ್ಸ್ ಮಾಡಿದೆವು. ಮಶೀನು ಸೊನ್ನೆ ತೋರಿಸಿತು. ಹಾಕಿ ಓಡಿಸಿದರೆ ನಡುಕ ಹಾಗೇ ಇದೆ.

ಮಶೀನಿನಲ್ಲಿ ಸರಿ, ಗಾಡಿಯಲ್ಲಿ ತಪ್ಪು ಅಂದರೆ ನಾನು ಮೊದಲು ನೋಡುವುದು ನಡುತೂತನ್ನು. ಮಶೀನು ಚಕ್ರವನ್ನು ತನ್ನ ಕೋನಿನ ಮೇಲೆ ಸರಿಯಾಗಿ ನಡುವಿಗೆ ಹಿಡಿದುಕೊಳ್ಳುತ್ತದೆ. ಗಾಡಿಯ ಹಬ್ ಮೇಲೆ ಅದು ನಡುವಿಗೆ ಕೂರದಿದ್ದರೆ ಬ್ಯಾಲೆನ್ಸ್ ಮಾಡಿದ್ದೆಲ್ಲ ನೀರಲ್ಲಿ ಹೋಮ. ಈ ರಿಮ್ಮಿನ ನಡುತೂತು 73.1. ಹೊರಗಿನ ರಿಮ್ ಮಾಡುವವರು ತುಂಬಾ ಜನ ಹೀಗೆ ದೊಡ್ಡದಾಗಿ ಕೊರೆದು, ಗಾಡಿಗೆ ತಕ್ಕ ಬಳೆ ಕೊಡುತ್ತಾರೆ. ಇಲ್ಲಿ 73.1ರಿಂದ 66.6ಕ್ಕೆ ಇಳಿಸುವ ಪ್ಲಾಸ್ಟಿಕ್ ಬಳೆ ಬೇಕು. ಮೂರು ಚಕ್ರಕ್ಕಿತ್ತು. ಮುಂದಿನ ಎಡಚಕ್ರಕ್ಕೆ ಇರಲಿಲ್ಲ. ಡಿಕ್ಕಿಯಲ್ಲಿ ರಟ್ಟಿನ ಡಬ್ಬದೊಳಗೆ ಬಳೆ ಹಾಗೇ ಬಿದ್ದಿತ್ತು! ಹಬ್ ಅಂಚಿನ ತುಕ್ಕು ಉಜ್ಜಿ ತೆಗೆದು ಬಳೆ ಕೂರಿಸಿದೆವು. ನಡುಕ ನಿಂತಿತು.

ಈ ಪ್ರಕರಣದ ಮೊದಲ ತಿರುವು ಇದೇ ಅಂತ ಈಗ ಅನಿಸುತ್ತದೆ. ನಡುಕ ನಿಂತಿದ್ದೇ ತಡ, ಎಲ್ಲ ಸರಿಯಾಯ್ತು ಅಂತ ಅವರು ನಂಬಿಬಿಟ್ಟರು. ನಾನು ಹೇಳಿದ ಉಳಿದ ಎರಡು ಮಾತು ಅವರ ಕಿವಿಗೆ ಬೀಳಲಿಲ್ಲ.

ಒಂದನೇ ಮಾತು ಆಫ್‌ಸೆಟ್‌ದು. ರಿಮ್ಮಿನ ಅಗಲದ ನಡುಗೆರೆ ಎಲ್ಲಿ ಬರುತ್ತದೆ, ಹಬ್‌ಗೆ ಅಂಟುವ ಮೈ ಎಲ್ಲಿದೆ, ಇವೆರಡರ ನಡುವಿನ ದೂರವೇ ಇಟಿ. ನಂಬರ್ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಜನ ಬರೀ ಇಟಿ ನೋಡುತ್ತಾರೆ, ಅಗಲ ಮರೆಯುತ್ತಾರೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಳೇ ರಿಮ್ಮು 8 ಇಂಚು, ಅಂದರೆ 203.2 ಮಿ.ಮೀ. ಅರ್ಧ 101.6. ಅದರಲ್ಲಿ ಇಟಿ 30 ಕಳೆದರೆ ಹಬ್‌ನಿಂದ ಹೊರಗೆ 71.6, ಕೂಡಿದರೆ ಒಳಗೆ 131.6. ಈ ಹೊಸ ರಿಮ್ಮು 9 ಇಂಚು, ಇಟಿ 25. ಅರ್ಧ 114.3. ಹೊರಗೆ 89.3, ಒಳಗೆ 139.3. ಇಟಿಯಲ್ಲಿ ಬರೀ 5ರ ವ್ಯತ್ಯಾಸ ಅನಿಸುತ್ತದೆ. ಚಕ್ರ ಮಾತ್ರ ಹೊರಗೆ ಹತ್ತಿರ ಹತ್ತಿರ 18 ಮಿ.ಮೀ., ಒಳಗೆ 8 ಮಿ.ಮೀ. ಹೆಚ್ಚು ಜಾಗ ತಿಂದಿದೆ. ಮೇಲಿನಿಂದ ಇಣುಕಿದರೆ ಟೈರಿನ ಭುಜ ಮಡ್‌ಗಾರ್ಡಿನ ಗೆರೆಗಿಂತ ಆಚೆ ಕಾಣುತ್ತಿತ್ತು.

ಎರಡನೇ ಮಾತು ಭಾರದ್ದು. ಆ ರಿಮ್ಮಿನ ಹಿಂಬದಿಯಲ್ಲಿ ಎಷ್ಟು ಕೆ.ಜಿ. ಹೊರುತ್ತದೆ ಅನ್ನುವ ಅಚ್ಚೇ ಇರಲಿಲ್ಲ. ಜಪಾನಿನ ಅಲಾಯ್ ಪರೀಕ್ಷೆಯ ಜೆಡಬ್ಲ್ಯೂಎಲ್ ಗುರುತಾಗಲಿ, ವಿಐಎ ಗುರುತಾಗಲಿ, ಬೇರೆ ಯಾವ ಪರೀಕ್ಷೆಯ ಗುರುತಾಗಲಿ ಏನೂ ಇಲ್ಲ. ಬರೀ ಡಿಸೈನಿನ ಹೆಸರು. ಡ್ರೈವರ್ ಬಾಗಿಲ ಕಂಬದ ಮೇಲಿನ ತಗಡು ತೋರಿಸಿದೆ. ಹಿಂದಿನ ಆಕ್ಸಲ್ ಮೇಲೆ ಬೀಳಬಹುದಾದ ಭಾರ 1,300 ಕೆ.ಜಿ. ಆಸುಪಾಸು. ಅದರ ಅರ್ಧ, ಅಂದರೆ 650 ಕೆ.ಜಿ.ಯನ್ನು ಒಂದು ರಿಮ್ಮು ಗುಂಡಿಗೆ ಬಿದ್ದಾಗಲೂ ತಾಳಬೇಕು. "ಟೈರ್ ಮೇಲೆ 95 ಅಂತ ಇದೆಯಲ್ಲ ಅಣ್ಣ" ಅಂದ ಹುಡುಗ. ಇದೆ. ಲೋಡ್ ಇಂಡೆಕ್ಸ್ 95 ಅಂದರೆ 690 ಕೆ.ಜಿ., ಟೈರಿನದು. ರಿಮ್ಮಿನದು ಎಷ್ಟು ಅಂತ ಯಾರನ್ನು ಕೇಳೋದು?

ಕಾನೂನಿನ ಮಾತೂ ಆಡಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಬದಲಾಯಿಸುವುದಕ್ಕೆ ಸಂಬಂಧಿಸಿದ್ದು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗೆ ಹೊರಚಾಚಿದ ಚಕ್ರ ಇಟ್ಟುಕೊಂಡು ಅಪಘಾತವಾದರೆ ಇನ್ಶೂರೆನ್ಸ್‌ನವರ ಮುಂದೆ ಏನು ಹೇಳ್ತೀರಿ ಅಂದೆ. ಸಾಹುಕಾರ್ರು ನಕ್ಕರು. "ಮದುವೆ ಮುಗೀಲಿ ಬಿಡು ತಮ್ಮಾ, ಆಮೇಲೆ ನೋಡಣ."

ಮದುವೆ ತನಕ ಅದು ಬಾಳಲಿಲ್ಲ. ಒಂಬತ್ತನೇ ದಿನ ಸಂತೇಬೆನ್ನೂರು ಕಡೆಯ ಅಡಿಕೆ ತೋಟಕ್ಕೆ ಹೋಗಿದ್ದಾರೆ. ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಚೀಲ. ಸಂಜೆ ವಾಪಸ್ ಬರುವಾಗ ಒಂದು ಗುಂಡಿ. ಮರುದಿನ ಬೆಳಿಗ್ಗೆ ಗಾಡಿ ನಮ್ಮಲ್ಲಿತ್ತು. ಮುಂದಿನ ಎಡ ಟೈರಿನ ಪಕ್ಕದಲ್ಲಿ ಬೆಣ್ಣೆ ಉಂಡೆಯಷ್ಟು ಗಾತ್ರದ ಉಬ್ಬು. ಒಳಗಿನ ದಾರ ಹರಿದಿದೆ ಅಂತ ಅರ್ಥ. ಆ ಟೈರು ಮತ್ತೆ ರಸ್ತೆಗೆ ಇಳಿಯುವಂತಿಲ್ಲ. ಹಿಂದಿನ ಎರಡೂ ಟೈರಿನ ಭುಜ, ಮಡ್‌ಗಾರ್ಡಿನ ಒಳಮಡಿಕೆಗೆ ಉಜ್ಜಿ ಉಜ್ಜಿ ನೂಲು ಎಳೆದ ಹಾಗೆ ಗೆರೆ ಗೆರೆ ಆಗಿತ್ತು.

ಉಬ್ಬು ಬಂದದ್ದು ಯಾಕೆ ಅನ್ನೋದಕ್ಕೂ ಲೆಕ್ಕವಿದೆ. 245/45 ಅಂದರೆ ಟೈರಿನ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 45 ಪಾಲು, ಅಂದರೆ 110 ಮಿ.ಮೀ. 245/35ರದ್ದು 86. ಹೊರಗಿನ ಒಟ್ಟು ಎತ್ತರ ಎರಡರದ್ದೂ ಹೆಚ್ಚು ಕಡಿಮೆ ಒಂದೇ, 678 ಮತ್ತು 679.5 ಮಿ.ಮೀ. ಅದಕ್ಕೇ ಸ್ಪೀಡೋಮೀಟರ್ ಸರಿಯಾಗೇ ಇತ್ತು. ಆದರೆ ಗುಂಡಿಯ ಅಂಚು ನುಂಗಲು ಇದ್ದ ರಬ್ಬರು ಎರಡೂವರೆ ಸೆಂ.ಮೀ. ಕಡಿಮೆಯಾಗಿತ್ತು. ಬೆಂಗಳೂರಿನ ಶೋರೂಮ್ ರಸ್ತೆಗೆ 20 ಇಂಚು ನಡೆಯಬಹುದೇನೋ. ವಾರಕ್ಕೆರಡು ಸಲ ತೋಟಕ್ಕೆ ಹೋಗುವ ಗಾಡಿಗೆ ಅಲ್ಲ.

ಸಾಹುಕಾರ್ರು ಆವತ್ತು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಟೀ ಬಂದ ಮೇಲೆ, "ಈಗ ನೀನೇ ಹೇಳಪ್ಪಾ, ಏನ್ ಹಾಕ್ಸಣ?" ಅಂದರು.

ಮೂರನೇ ಸೆಟ್, ನನ್ನ ಲೆಕ್ಕ

ಮೊದಲ ನಿರ್ಧಾರ ಸೈಜಿನದು. ಇರುವ 18ನ್ನೇ ಪಾಲಿಶ್ ಮಾಡಿಸಿ ಅಂತ ನನ್ನ ಮನಸ್ಸು. ಹುಡುಗನ ಮುಖ ನೋಡಿ 19ಕ್ಕೆ ಒಪ್ಪಿದೆ. 245/40 ಆರ್19ರ ಪಕ್ಕದ ಗೋಡೆ 98 ಮಿ.ಮೀ., ಒಟ್ಟು ಎತ್ತರ 678.6. ಗಟ್ಟಿ ಬಗೆಯ ಎಕ್ಸ್‌ಎಲ್ ಟೈರು ತಗೊಂಡರೆ ಲೋಡ್ ಇಂಡೆಕ್ಸ್ 98, ಅಂದರೆ 750 ಕೆ.ಜಿ. ಇದೇ ಟೈರು ಸೈಜನ್ನು ಬಿಎಂಡಬ್ಲ್ಯೂದವರೇ ಈ ಗಾಡಿಯ 19 ಇಂಚಿನ ಮುಂದಿನ ಚಕ್ರಕ್ಕೆ ಕೊಡುತ್ತಾರೆ. ಹಿಂದಕ್ಕೆ ಅವರು ಕೊಡೋದು 9ಜೆ ಇಟಿ 44, 275/35. ಹಾಗೆ ಮಾಡಿದರೆ ಮುಂದಿನ ಚಕ್ರ ಹಿಂದಕ್ಕೆ ಹಾಕಿ ತಿರುಗಿಸೋಕೆ ಆಗಲ್ಲ, ಟೈರು ಬೇಗ ಸವೆಯುತ್ತದೆ. ನಾಲ್ಕೂ ಒಂದೇ ಇರಲಿ ಅಂದೆ.

ಅಗಲ 8.5ಜೆ, ಇಟಿ 30. ಇದು ಸುಲಭದ ಲೆಕ್ಕ. ಇಟಿ ಬದಲಾಗದೆ ಅರ್ಧ ಇಂಚು ಅಗಲ ಹೆಚ್ಚಿದರೆ, ಆ 12.7 ಮಿ.ಮೀ. ಅರ್ಧ ಒಳಗೆ ಅರ್ಧ ಹೊರಗೆ ಹಂಚಿಹೋಗುತ್ತದೆ. ಎರಡೂ ಕಡೆ 6 ಮಿ.ಮೀ. ಚಿಲ್ಲರೆ. ಹಳೇ ಚಕ್ರ ಇದ್ದಾಗಲೇ ಸ್ಟ್ರಟ್ (ಸಸ್ಪೆನ್ಶನ್ನಿನ ಕಂಬ) ಮತ್ತು ಟೈರಿನ ನಡುವೆ, ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಬೆರಳು ಹಾಕಿ, ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆದಿದ್ದೆ. ಜಾಗವಿತ್ತು.

ಒಬ್ಬ ಡೀಲರ್‌ಗೆ ಫೋನ್ ಮಾಡಿ ಐದು ಪ್ರಶ್ನೆ ಕೇಳಿದೆ. ಪಿಸಿಡಿ? 112. ನಡುತೂತು? 66.6, ಬಳೆ ಬೇಡ. ಅಗಲ, ಇಟಿ? ಹೌದು, ಇದೆ. ಭಾರ? 690 ಕೆ.ಜಿ., ರಿಮ್ಮಿನ ಮೇಲೆ ಅಚ್ಚಿದೆ, ಫೋಟೋ ಕಳಿಸ್ತೀನಿ. ಕಳಿಸಿದ. ಪರೀಕ್ಷೆಯ ಗುರುತೂ ಕಂಡಿತು. ಆರ್ಡರ್ ಮಾಡಿ ಅಂದೆ.

ಆರನೇ ಪ್ರಶ್ನೆ ಕೇಳಲಿಲ್ಲ. ಬೋಲ್ಟು ಕೂರುವ ಸೀಟು ಯಾವ ಆಕಾರದ್ದು?

ಚಕ್ರ ಬಂದಾಗ ಮದುವೆಗೆ ಐದು ದಿನ ಉಳಿದಿತ್ತು. ಟೈರು ಹಾಕುವ ಮೊದಲು ಬರೀ ರಿಮ್ಮು ಏರಿಸಿ ನೋಡೋದು ನಮ್ಮ ಪದ್ಧತಿ. ಟೈರು ಹಾಕಿಬಿಟ್ಟರೆ ಯಾವ ಅಂಗಡಿಯವನೂ ವಾಪಸ್ ತಗೊಳಲ್ಲ. ಮುಂದಿನ ಬ್ರೇಕ್ ಕ್ಯಾಲಿಪರ್ ಮೇಲೆ ಮನೆಯಿಂದ ತಂದಿದ್ದ ಚಪಾತಿ ಹಿಟ್ಟಿನ ಸಣ್ಣ ಉಂಡೆ ಅಂಟಿಸಿದೆ. ನಮ್ಮ ಅಂಗಡಿಯ ಹುಡುಗ "ಅಣ್ಣ, ಪೂರಿ ಮಾಡ್ತೀರಾ?" ಅಂತ ನಕ್ಕ. ರಿಮ್ಮು ಕೂರಿಸಿ, ಎರಡು ಬೋಲ್ಟು ಕೈಯಲ್ಲೇ ಬಿಗಿದು, ಒಂದು ಸುತ್ತು ತಿರುಗಿಸಿ ತೆಗೆದೆ. ಹಿಟ್ಟು ಅಪ್ಪಚ್ಚಿಯಾಗಿ 5 ಮಿ.ಮೀ. ಉಳಿದಿತ್ತು. 3ಕ್ಕಿಂತ ಕಡಿಮೆ ಇದ್ದರೆ ನಾನು ಒಪ್ಪಲ್ಲ. ರಿಮ್ಮಿನ ಕಡ್ಡಿ (ಸ್ಪೋಕ್) ಕ್ಯಾಲಿಪರ್‌ಗೆ ತಾಗುತ್ತೋ ಇಲ್ಲವೋ ಅನ್ನೋದನ್ನು ಇಟಿ ನಂಬರ್ ಹೇಳುವುದಿಲ್ಲ, ಕಡ್ಡಿಯ ಬಾಗು ಹೇಳುತ್ತದೆ. ಅದು ಏರಿಸಿಯೇ ನೋಡಬೇಕು.

ಎಲ್ಲ ಸರಿ ಅಂತ ಟೈರು ಹಾಕಿದೆವು. ಅಲ್ಲೇ ನಾನು ಎಡವಿದ್ದು.

ಡೀಲರ್ ಒಂದು ಪೊಟ್ಟಣದಲ್ಲಿ 20 ಬೋಲ್ಟು ಕಳಿಸಿದ್ದ. ಸಾಹುಕಾರ್ರ ಹುಡುಗನೇ ಉತ್ಸಾಹದಲ್ಲಿ ಒಂದನ್ನು ಹಚ್ಚಿ ಕೈಯಲ್ಲಿ ತಿರುಗಿಸಿದ. ಎರಡು ಸುತ್ತು ಹೋಗಿ ನಿಂತಿತು. ನಮ್ಮ ಹುಡುಗ ಗನ್ ಎತ್ತಿಕೊಂಡ. "ಲೇ, ಇಡೋ ಕೆಳಗೆ!" ಅಂತ ಕೂಗಿದ್ದು ಎದುರಿನ ಪಂಚರ್ ಅಂಗಡಿಗೂ ಕೇಳಿಸಿತಂತೆ. ಬೋಲ್ಟು ಬಿಚ್ಚಿ, ಗಾಡಿಯ ಹಳೇ ಬೋಲ್ಟಿನ ಪಕ್ಕ ಥ್ರೆಡ್ಡಿಗೆ ಥ್ರೆಡ್ ಒತ್ತಿ ಬೆಳಕಿಗೆ ಹಿಡಿದೆ. ಮೊದಲ ಎರಡು ಹಲ್ಲು ಹೊಂದಿದವು, ಮೂರನೆಯದರಿಂದ ಸಂದು ಬಿಟ್ಟುಕೊಂಡಿತು. ಎರಡರ ದಪ್ಪವೂ 14 ಮಿ.ಮೀ. ಆದರೆ ಬಿಎಂಡಬ್ಲ್ಯೂದ ಥ್ರೆಡ್ ಪಿಚ್, ಅಂದರೆ ಹಲ್ಲಿಂದ ಹಲ್ಲಿಗಿರುವ ದೂರ, 1.25 ಮಿ.ಮೀ., ಬಂದದ್ದು 1.5. ಆಡಿ, ಮರ್ಸಿಡಿಸ್, ಸ್ಕೋಡಾಗಳದ್ದು 1.5. ಗನ್ ಒತ್ತಿದ್ದರೆ ಬೋಲ್ಟು ಒಳಗೆ ಹೋಗುತ್ತಿತ್ತು, ಹಬ್‌ನ ಥ್ರೆಡ್ಡನ್ನು ಕಿತ್ತುಕೊಂಡು.

ಆಗಲೇ ನನಗೆ ಗಂಟೆ ಬಾರಿಸಬೇಕಿತ್ತು. ಡೀಲರ್ ಆಡಿ ಬೋಲ್ಟು ಕಳಿಸಿದ್ದಾನೆ ಅಂದರೆ ಈ ರಿಮ್ಮು ಆಡಿ ಗಾಡಿ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆದರೆ ಸಂಜೆಯಾಗಿತ್ತು, ಎಲ್ಲರೂ ಕಾಯುತ್ತಿದ್ದರು. "ಗಾಡಿಯ ಹಳೇ ಬೋಲ್ಟೇ ಹಾಕ್ರೋ, ಅದೇ ಥ್ರೆಡ್ ಅಲ್ವಾ" ಅಂದುಬಿಟ್ಟೆ. ಹಾಕಿದೆವು. ಸಲೀಸಾಗಿ ಹೋದವು. ಇಟ್ಟಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುವ ಟಾರ್ಕ್ ರೆಂಚನ್ನು 140 ನ್ಯೂಟನ್ ಮೀಟರಿಗೆ ಇಟ್ಟು, ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು ಬಿಗಿದೆವು. 20 ಸಲ ಟಕ್ ಅಂದಿತು. ಗಾಡಿ ಚೆಂದ ಕಾಣುತ್ತಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಹೊಸ ರಿಮ್ಮು ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಮಾಡುವವರು ಕಡಿಮೆ. ನನಗೆ ಯಾಕೋ ಸಮಾಧಾನ ಇರಲಿಲ್ಲ. ಅಷ್ಟು ದೂರ ಬೇಡ, ಹರಿಹರಕ್ಕೆ ಹೋಗಿ ನಿಧಾನಕ್ಕೆ ಬಂದುಬಿಡಿ, ಅಂಗಡಿ ಮುಚ್ಚಲ್ಲ ಅಂದೆ. ಹೋಗಿ ಬರೋದು ಹತ್ತಿರ ಹತ್ತಿರ 30 ಕಿ.ಮೀ. ರಾತ್ರಿ ಎಂಟೂವರೆಗೆ ಬಂದರು. ರೆಂಚ್ ಹಚ್ಚಿದೆ. ಮುಂದಿನ ಎಡಚಕ್ರದ ಮೊದಲ ಬೋಲ್ಟು ಟಕ್ ಅನ್ನುವ ಮೊದಲು ತಿರುಗಿತು. ಎರಡನೆಯದೂ ತಿರುಗಿತು. ನಾಲ್ಕನೆಯದು ಕಾಲು ಸುತ್ತು.

ಬಿಚ್ಚಿ ನೋಡಿದೆ. ರಿಮ್ಮಿನ ಸೀಟು ಬಟ್ಟಲಿನ ಹಾಗೆ ಗುಂಡಗಿದೆ. ಬಿಎಂಡಬ್ಲ್ಯೂದ ಬೋಲ್ಟಿನ ಕುತ್ತಿಗೆ ಆಲಿಕೆಯ ಹಾಗೆ ನೇರ ಇಳಿಜಾರು, 60 ಡಿಗ್ರಿಯ ಕೋನ್. ಬಟ್ಟಲಲ್ಲಿ ಆಲಿಕೆ ಕೂರಿಸಿದರೆ ತಾಗುವುದು ಒಂದು ಗೆರೆಯಷ್ಟು. ಆ ಗೆರೆಯಲ್ಲಿ ಅಲ್ಯೂಮಿನಿಯಂ ಆಗಲೇ ಒತ್ತಿಕೊಂಡು, ಹೊಸ ಕಾಸಿನ ಅಂಚಿನ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು. ಲೋಹ ಒತ್ತಿಕೊಂಡಷ್ಟೂ ಬಿಗಿ ಸಡಿಲ. ಟಾರ್ಕ್ ರೆಂಚಿಗೆ ಇದು ಕಾಣಲ್ಲ. ಅದು ಆ ಕ್ಷಣದ ಬಿಗಿಯನ್ನು ಮಾತ್ರ ಹೇಳುತ್ತದೆ.

ಸಾಹುಕಾರ್ರಿಗೆ ಬಾಯಿಮಾತಲ್ಲಿ ಹೇಳಿದರೆ ನಂಬಿಕೆ ಬರಲಿಲ್ಲ. ಅಂಗಡಿಯ ದೇವರ ಗೂಡಿನಿಂದ ಚಿಟಿಕೆ ಕುಂಕುಮ ತಂದು, ಎರಡು ಹನಿ ಎಂಜಿನ್ ಆಯಿಲ್‌ನಲ್ಲಿ ಕಲಸಿ, ಹಳೇ ಬೋಲ್ಟಿನ ಕುತ್ತಿಗೆಗೆ ಸವರಿ, ಹೆಚ್ಚು ಒತ್ತಿಕೊಳ್ಳದಿದ್ದ ಒಂದು ಸೀಟಿಗೆ ಒತ್ತಿ ತೆಗೆದೆ. ದಾರದಷ್ಟು ಕೆಂಪು ಗೆರೆ ಬಿತ್ತು. ಆಮೇಲೆ ಡೀಲರ್ ಕಳಿಸಿದ್ದ ಗುಂಡು ಬೋಲ್ಟಿಗೆ ಸವರಿ ಒತ್ತಿದೆ. ಬೆರಳಗಲದ ಕೆಂಪು ಪಟ್ಟಿ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದರು. "ಅಂದ್ರೆ ಈ ಬೋಲ್ಟು ಕೂರ್ತದೆ ಆದ್ರೆ ಹೋಗಲ್ಲ, ಆ ಬೋಲ್ಟು ಹೋಗ್ತದೆ ಆದ್ರೆ ಕೂರಲ್ಲ." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹುಡುಗ ಅಂಗಲಾಚಿದ. "ಅಣ್ಣ, ಮದುವೆಗೊಂದಿನ ಅಷ್ಟೇ. ಚಿತ್ರದುರ್ಗ 60 ಕಿ.ಮೀ. ಭರಮಸಾಗರದಲ್ಲಿ ನಿಲ್ಲಿಸಿ ಒಂದ್ಸಲ ಬಿಗಿದ್ರೆ ಆಯ್ತಲ್ಲ?" ಸ್ವಲ್ಪ ಹೊತ್ತು ನಾನೂ ಯೋಚಿಸಿದೆ ಅನ್ನೋದು ನಿಜ. ತಪ್ಪು ನನ್ನದು, ಅವರು ದುಡ್ಡು ಕೊಟ್ಟಾಗಿದೆ, ಮದುವೆ ಮನೆ. ಆದರೆ ಗಾಡಿಯಲ್ಲಿ ಕೂರೋದು ಮದುಮಗಳು. ನಾನು ಬಾಯಿ ತೆರೆಯೋ ಮೊದಲೇ ಸಾಹುಕಾರ್ರು ಎದ್ದರು. "ಹಳೇ ಚಕ್ರ ಹಾಕು." ಗೋಡೆಗೆ ಒರಗಿಸಿದ್ದ 18 ಇಂಚಿನ ಚಕ್ರ ಮತ್ತೆ ಏರಿದವು. ಆನೆ ಚಪ್ಪಲಿ ಹಾಕಿಕೊಂಡೇ ಮದುವೆಗೆ ಹೋಯಿತು. ಹೂವಿನ ಅಲಂಕಾರದ ನಡುವೆ ಚಕ್ರ ನೋಡಿದವರು ಯಾರೂ ಇರಲಿಲ್ಲ ಅಂತ ಆಮೇಲೆ ಹುಡುಗನೇ ಹೇಳಿದ.

ಬೋಲ್ಟು ಹುಡುಕಿದ್ದು

ಮುಂದಿನದು ಬೇಗ ಹೇಳಿಬಿಡುತ್ತೇನೆ. ರಿಮ್ಮು ವಾಪಸ್ ಮಾಡೋ ಹಾಗಿರಲಿಲ್ಲ, ಟೈರು ಹಾಕಿ ಓಡಿಸಿಯಾಗಿತ್ತು. ಒತ್ತಿಕೊಂಡ ಗೆರೆ ತೀರಾ ತೆಳುವಾಗಿತ್ತು. ಆದರೂ ಎಡಚಕ್ರದ ರಿಮ್ಮೊಂದನ್ನು ಬದಲಿಸಿ ಕೊಡಲೇಬೇಕು ಅಂತ ಡೀಲರ್ ಜೊತೆ ಕಿತ್ತಾಡಿ, ಅರ್ಧ ಖರ್ಚು ನಾನು ಹಾಕಿ ತರಿಸಿದೆ. ಬೇಕಾದ ಬೋಲ್ಟು ಒಂದು ವಿಚಿತ್ರ ಜಾತಿ: ಥ್ರೆಡ್ಡು ಬಿಎಂಡಬ್ಲ್ಯೂದು, 14ಕ್ಕೆ 1.25, ಕುತ್ತಿಗೆ ಆಡಿಯವರ ಹಾಗೆ ಗುಂಡು. ಗುಂಡಿನಲ್ಲೂ 12, 13, 14 ಮಿ.ಮೀ. ತ್ರಿಜ್ಯ ಅಂತ ಬೇರೆ ಬೇರೆ ಇದೆ. ಈ ರಿಮ್ಮಿನದು 13 ಅಂತ ಮಾಡಿದವರಿಂದಲೇ ಬರೆಸಿಕೊಂಡೆ. ಹೀಗೆ ಚಕ್ರ ಅದಲು ಬದಲು ಮಾಡುವವರಿಗೆಂದೇ ಇಂಥ ಬೋಲ್ಟು ಮಾಡುತ್ತಾರೆ. ಬರೋಕೆ ಹನ್ನೊಂದು ದಿನ ಹಿಡಿಯಿತು.

ಬಂದ ಮೇಲೆ ಮೊದಲು ಕುಂಕುಮ ಪರೀಕ್ಷೆ. ಪೂರ್ತಿ ಪಟ್ಟಿ ಬಿತ್ತು. ಆಮೇಲೆ ಸುತ್ತು ಎಣಿಸಿದೆವು. ಹೊರಗಿನ ರಿಮ್ಮಿನ ದಪ್ಪ ಕಂಪನಿ ರಿಮ್ಮಿನಷ್ಟೇ ಇರಬೇಕು ಅಂತಿಲ್ಲ. ದಪ್ಪ ಇದ್ದರೆ ಬೋಲ್ಟು ಹಬ್‌ನೊಳಗೆ ಕಡಿಮೆ ಹಿಡಿಯುತ್ತದೆ. ತೆಳ್ಳಗಿದ್ದರೆ ಹೆಚ್ಚು ಹೋಗಿ ಹಿಂದಿರುವುದಕ್ಕೆ ತಾಗಬಹುದು. ಕೈಯಲ್ಲಿ ತಿರುಗಿಸಿದಾಗ ಹನ್ನೊಂದು ಸುತ್ತು ಹೋಯಿತು. 1.25ರಂತೆ ಹನ್ನೊಂದು ಸುತ್ತು ಅಂದರೆ 13.75 ಮಿ.ಮೀ., ಬೋಲ್ಟಿನ ದಪ್ಪದಷ್ಟೇ. ಅಷ್ಟಿದ್ದರೆ ನನಗೆ ನಿದ್ದೆ ಬರುತ್ತದೆ. ಹತ್ತಕ್ಕಿಂತ ಕಡಿಮೆ ಹೋದರೆ ನಮ್ಮಲ್ಲಿ ಒಪ್ಪಲ್ಲ. ಹಿಂದೆ ಏನಕ್ಕೂ ತಾಗದು ಅಂತ ಡಿಸ್ಕ್ ತಿರುಗಿಸಿ ನೋಡಿದೆವು. 140ಕ್ಕೆ ಬಿಗಿದು, ಹರಿಹರಕ್ಕೆ ಹೋಗಿ ಬಂದು ನೋಡಿದರೆ 20 ಬೋಲ್ಟೂ ಅಲುಗಲಿಲ್ಲ. 100 ಕಿ.ಮೀ. ಆದ ಮೇಲೂ ಅಲುಗಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಮೂರು ಜನ ಕೂರಿಸಿ ಹಂಪ್ ಹಾರಿಸಿದೆವು. ಎಲ್ಲೂ ಉಜ್ಜಿಲ್ಲ.

ಈಗ ನಮ್ಮ ಜಾಬ್ ಕಾರ್ಡಿನಲ್ಲಿ ಅಲಾಯ್‌ಗೆ ಅಂತಲೇ ಒಂದು ಸಾಲು ಹೆಚ್ಚಿಗೆ ಇದೆ. ಪಿಸಿಡಿ, ನಡುತೂತು, ಅಗಲ, ಇಟಿ, ಭಾರ, ಇವುಗಳ ಪಕ್ಕದಲ್ಲಿ "ಸೀಟು: ಕೋನ್ / ಗುಂಡು / ಚಪ್ಪಟೆ" ಅಂತ. ಗಿರಾಕಿ ಮುಂದೆಯೇ ಟಿಕ್ ಹಾಕುತ್ತೇವೆ. ಅದು ಖಾಲಿ ಇದ್ದರೆ ಟೈರು ಮಶೀನು ಚಾಲೂ ಮಾಡಬಾರದು ಅಂತ ಹುಡುಗರಿಗೆ ಹೇಳಿದ್ದೇನೆ. ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಾರೆ. ಒಬ್ಬರು ಎದ್ದು ಹೋದದ್ದೂ ಇದೆ.

ಒಂದು ಕೆಲಸ ಮಾತ್ರ ಕೊನೆಗೆ ನೆನಪಾಯಿತು. ಹೊಸ ಟೈರು ರನ್‌ಫ್ಲಾಟ್ ಅಲ್ಲ, ಹಾಗಾಗಿ ಸಾಹುಕಾರ್ರಿಗೆ ಅದೇ ಗಾಡಿಯ ಕಂಪನಿ ಸ್ಟೆಪ್ನಿ ಹುಡುಕಿ ಕೊಡಿಸಿದ್ದೆ. ಸ್ಟೆಪ್ನಿಯ ಸೀಟು ಕೋನ್. ರಾತ್ರಿ ಹೊತ್ತಲ್ಲಿ ಪಂಚರ್ ಆದರೆ ಗುಂಡು ಬೋಲ್ಟು ಅದಕ್ಕೆ ಆಗಲ್ಲ. ಹಳೇ ಬೋಲ್ಟುಗಳಲ್ಲಿ ಐದನ್ನು ಒರೆಸಿ, ಒಂದು ಬಟ್ಟೆ ಚೀಲಕ್ಕೆ ಹಾಕಿ, ಡಿಕ್ಕಿಯಲ್ಲಿ ಜಾಕ್ ಪಕ್ಕ ಇಟ್ಟೆ. ಚೀಲದ ಮೇಲೆ ಮಾರ್ಕರ್‌ನಲ್ಲಿ "ಸ್ಟೆಪ್ನಿಗೆ ಮಾತ್ರ" ಅಂತ ಬರೆದೆ. ಹೋದ ತಿಂಗಳು ಗಾಡಿ ಅಲೈನ್‌ಮೆಂಟಿಗೆ ಬಂದಿತ್ತು. ಡಿಕ್ಕಿ ತೆರೆದು ನೋಡಿದೆ. ಚೀಲ ಅಲ್ಲೇ ಇತ್ತು, ಅಕ್ಷರ ಸ್ವಲ್ಪ ಅಳಿಸಿತ್ತು. ಮತ್ತೊಂದು ಸಲ ತಿದ್ದಿ ಬರೆದು ಇಟ್ಟೆ.